ದೋಣಿಯಲ್ಲಿ ಹೊಟ್ಟೆ ತೊಳಸುವುದೇಕೆ?

ಮುರುಡೇಶ್ವರದ ಕರೆಯಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ, ನೇತ್ರಾಣಿಯೆಂಬ ದ್ವೀಪವಿದೆ. ಗಾಳಿಯ ಸಿಲಿಂಡರನ್ನು ಬೆನ್ನಿಗೆ ಬಿಗಿದುಕೊಂಡು ಅಲ್ಲಿಯ ಹವಳ, ಮೀನುಗಳನ್ನು ನೋಡಲು ಮುಳುಗುವವರಲ್ಲಿ ಬೆಂಗಳೂರಿನವರೂ ಅನೇಕರು. ಇರುಳೆಲ್ಲ ಬಸ್ಸಿನಲ್ಲಿ ನಿದ್ದೆಗೆಟ್ಟು, ಬೆಳಗ್ಗೆ ದೋಣಿ ಹತ್ತಿದ ನಮ್ಮ ತ್ಯಾಗರಾಜನಗರದ ತರುಣನಿಗೆ ಮೊದಲು ಎದುರಾಗುವುದು ಮೀನಲ್ಲ, ವಾಕರಿಕೆ. ಇದನ್ನು ‘ಪಿತ್ತ ಕೆರಳಿತು’ ಎನ್ನುವುದು ನಮ್ಮಲ್ಲಿ ವಾಡಿಕೆ. ವಸ್ತುತಃ ಪಿತ್ತದ ಅಪರಾಧವೇನೂ ಇಲ್ಲ. ತಂಟೆಯ ಮೂಲ ಕಿವಿಯಲ್ಲಿದೆ.

ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳೂ, ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳನ್ನು ಹೊತ್ತ ಎರಡು ಚೀಲಗಳೂ ಇವೆ. ತಲೆ ತಿರುಗಿದರೆ ನಾಳಗಳು, ದೇಹ ಏರಿಳಿದರೆ ಹರಳುಗಳು ಮಿದುಳಿಗೆ ವರದಿ ಕಳುಹುತ್ತವೆ. ದೋಣಿಯಲ್ಲಿ ತಲೆ ಬಗ್ಗಿಸಿ ಸಿಲಿಂಡರಿನ ಪಟ್ಟಿ ಬಿಗಿಯುತ್ತಿರುವವನ ಕಣ್ಣು ‘ಎಲ್ಲವೂ ನಿಶ್ಚಲ’ ಎನ್ನುತ್ತದೆ; ಕಿವಿ ‘ಇಲ್ಲ, ಏರಿದೆವು, ಇಳಿದೆವು’ ಎನ್ನುತ್ತದೆ. ಈ ವಿರೋಧವೇ ವಾಂತಿಗೆ ಕಾರಣವೆಂಬುದು ಬಹುಮಂದಿ ವಿಜ್ಞಾನಿಗಳ ಮತ. ಅಮೆರಿಕದ ಗ್ಯಾಲೊಡೆಟ್ ಕಾಲೇಜಿನಿಂದ ಬಂದ, ಒಳಗಿವಿಯ ಈ ಅಂಗ ಕೆಟ್ಟಿದ್ದ 11 ಮಂದಿ ಕಿವುಡರನ್ನು 1950ರ ದಶಕದ ಕೊನೆಯಿಂದ ಅಲ್ಲಿಯ ನೌಕಾಪಡೆಯವರು ಹಲವು ಪರೀಕ್ಷೆಗಳಿಗೆ ಒಡ್ಡಿದರು. ಕೆರಳಿದ ಕಡಲಿನಲ್ಲಿ ಅವರು ನಿಶ್ಚಿಂತೆಯಿಂದ ಇಸ್ಪೀಟಾಡುತ್ತಿರಲು, ಪರೀಕ್ಷಿಸಲು ಹೋದವರೇ ಕಾಯಿಲೆ ಬಿದ್ದರಂತೆ!

ಎಲ್ಲ ಅಲುಗಾಟವೂ ಸಮನಾಗಿ ಬಾಧಿಸುವುದಿಲ್ಲ. ಸುಮಾರು 5 ಸೆಕೆಂಡಿಗೊಮ್ಮೆ ಏರಿಳಿಯುವ ಚಲನೆಯೇ ಅತಿ ಕ್ರೂರವೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಆಳನೀರಿನಲ್ಲಿ ಅಂಥ ಅಲೆಯ ಉದ್ದ ಸುಮಾರು 39 ಮೀಟರು. ಆಳಕ್ಕೆ ಹೋದಂತೆ ನೀರಿನ ಓಲಾಟ ಬೇಗನೆ ಕುಗ್ಗುತ್ತದೆ. ಈ ಅಲೆಯ ಕೆಳಗೆ 10 ಮೀಟರು ಇಳಿದರೆ ಮೇಲಿನದರ ಐದರಲ್ಲೊಂದು ಪಾಲು ಮಾತ್ರ ಉಳಿದೀತು. ಲಂಗರು ಹಾಕಿದ ದೋಣಿಯಲ್ಲಿ ನರಳುತ್ತಿದ್ದವರಲ್ಲಿ ಹಲವರು ಮುಳುಗಿದ ಬಳಿಕ ಚೇತರಿಸಿಕೊಳ್ಳುವುದು ಇದರಿಂದಲೇ.

ದೋಣಿಯ ಮೂತಿ ಏಳುವಾಗ ಹಿಂಬದಿ ಇಳಿಯುತ್ತದೆ. ನಡುಭಾಗ ಏತದ ಆಧಾರದಂತೆ ಹೆಚ್ಚು ಕದಲದು. ಕುಳಿತುಕೊಳ್ಳಲು ಅದೇ ತಕ್ಕ ಸ್ಥಳ, ಡೀಸೆಲ್ ಹೊಗೆ ಬಾರದಿದ್ದರೆ. ದಿಗಂತವನ್ನು ದಿಟ್ಟಿಸುತ್ತಿದ್ದರೆ ಕಣ್ಣು ಕಿವಿಗಳಿಗೆ ರಾಜಿಯಾಗುತ್ತದೆ. ಸಲಕರಣೆಗಳನ್ನು ದಡದಲ್ಲಿಯೇ ಜೋಡಿಸಿಡುವುದು ಲೇಸು. ಎರಡು ಇಡ್ಲಿ ತಿಂದರೆ ಬಾಧಕವಿಲ್ಲ. ಎಣ್ಣೆಯ ಪೂರಿ ಬೇಡ. ಶುಂಠಿಯಿಂದ ಗುಣವೆನ್ನುವವರುಂಟು, ಆದರೆ ಪ್ರಮಾಣ ದುರ್ಬಲ. ಮಾತ್ರೆಗಳು ಫಲಕಾರಿ, ವಾಕರಿಕೆ ಆರಂಭವಾದ ಮೇಲೆ ನುಂಗಿದರೆ ಪ್ರಯೋಜನ ಅತ್ಯಲ್ಪ. ಅವುಗಳಲ್ಲಿ ಹಲವು ಮಂಪರು ತರುವುದರಿಂದ ವೈದ್ಯರನ್ನು ಕೇಳಿ, ಮೊದಲು ನೆಲದ ಮೇಲೆ ಪರೀಕ್ಷಿಸಿಕೊಳ್ಳತಕ್ಕದ್ದು.

ಕೊಟ್ಟ ಹಣ ವ್ಯರ್ಥವಾದೀತೆಂದು ಕಾಯಿಲೆಯನ್ನು ಬೋಧಕನಿಂದ ಮುಚ್ಚಿಟ್ಟು ಇಳಿಯುವವರುಂಟು. ಇದು ಬಲು ಅಪಾಯಕರ. 10 ಮೀಟರು ಆಳದಲ್ಲಿ ಒತ್ತಡ ಮೇಲಿನದರ ಇಮ್ಮಡಿ. ಅಲ್ಲಿ ಗಾಬರಿಗೊಂಡು, ಉಸಿರು ಬಿಗಿಹಿಡಿದು ಮೇಲಕ್ಕೆ ಧಾವಿಸಿದರೆ ಬಾಯ್ಲನ ನಿಯಮದಂತೆ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ಬಾಧೆ ನಿಲ್ಲದವನು ದೋಣಿಯಲ್ಲಿಯೇ ಉಳಿಯಬೇಕು. ಕೆಳಗೆ ಹೋದ ಮೇಲೆ ವಾಂತಿ ಬಂದೇಬಿಟ್ಟರೆ, ಬಾಯಲ್ಲಿರುವ ರೆಗ್ಯುಲೇಟರನ್ನು ಕಳಚದೆ, ಕೈಯಿಂದ ಒತ್ತಿಹಿಡಿದು ಅದರೊಳಕ್ಕೇ ಕಾರಿ, ಗುಂಡಿಯನ್ನೊತ್ತಿ ಗಾಳಿಯಿಂದ ಶುದ್ಧಮಾಡಿ, ಆ ಬಳಿಕ ಮೆಲ್ಲನೆ ಉಸಿರೆಳೆಯಬೇಕು.