ಗೋಡೆಯೊಳಗಿನ ಅರ್ಧ ಇಂಚು

ಬೆಂಗಳೂರಿನ ನಮ್ಮ ಅಡುಗೆಮನೆಯ ಸಿಂಕಿನ ಮೇಲೆ ಎರಡು ನಲ್ಲಿಗಳಿವೆ. ಒಂದು ಕಾವೇರಿಯದ್ದು. ರಸ್ತೆ ಲೈನಿನಿಂದ ನೇರವಾಗಿ ಬರುತ್ತದೆ, ನೀರು ಬಿಟ್ಟ ದಿನ ಮಾತ್ರ. ಬರುವ ಮುಂಚೆ ಬುಸ್ ಎಂದು ಗಾಳಿ ಬಿಡುತ್ತದೆ. ಇನ್ನೊಂದು ತಾರಸಿಯ ಟ್ಯಾಂಕಿನದ್ದು, ಅದರಲ್ಲಿ ಬೋರ್‌ವೆಲ್ ನೀರು. ಪಾತ್ರೆ, ಸೊಪ್ಪು, ಕೈ ಎಲ್ಲಕ್ಕೂ ಅದೇ. 18 ವರ್ಷದಲ್ಲಿ ಈ ಎರಡನೆಯದನ್ನು ನಾಲ್ಕು ಸಲ ನಾನೇ ಬದಲಿಸಿದ್ದೇನೆ. ಮೊದಲ ಸಲ ಕೈ ಹಾಕಿದ್ದು ಪ್ಲಂಬರ್ ಬರಲಿಲ್ಲ ಅಂತ, ಆಮೇಲೆ ಅದೊಂದು ಚಟ. ನಾಲ್ಕರಲ್ಲಿ ಮೂರು ಸಲ ಕೆಟ್ಟಿದ್ದೇನೆ. ಹೇಳುವುದಕ್ಕೆ ಏನಾದರೂ ಇದ್ದರೆ ಅದು ಆ ಮೂರರಿಂದ.

1. ಸೋರುವ ನಲ್ಲಿಯನ್ನೆಲ್ಲ ಕಿತ್ತು ಎಸೆಯಬೇಕಿಲ್ಲ

ಬಾಯಿಂದ ತೊಟ್ಟಿಕ್ಕುತ್ತಿದ್ದರೆ ಕೆಟ್ಟಿರುವುದು ಒಳಗಿನ ಸ್ಪಿಂಡಲ್. ಹಳೆಯ ನಲ್ಲಿಯಾದರೆ ರಬ್ಬರ್ ವಾಷರ್ ಸವೆದಿರುತ್ತದೆ. ಈಗಿನ ಕಾಲು ಸುತ್ತಿನ ನಲ್ಲಿಯಲ್ಲಿ ಎರಡು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿಕೊಂಡು ನೀರು ತಡೆಯುತ್ತವೆ. ನಡುವೆ ಮರಳಿನ ಕಣವೊಂದು ಸಿಕ್ಕಿ ಗೀರಾದರೆ ಮುಗಿಯಿತು. ಅದಷ್ಟನ್ನೇ ಬದಲಿಸಬಹುದು. ಗೋಡೆ ಸೇರುವ ಬುಡದಲ್ಲಿ ಜಿನುಗಿದರೆ ಥ್ರೆಡ್ಡಿಗೆ ಸುತ್ತಿದ ಟೇಪಿನ ಲೋಪ. ಕತ್ತು ತಿರುಗುವ ಜಾಗದಲ್ಲಿ ಹಸಿರು ಕಿಲುಬು ಕಟ್ಟಿ, ಅಲ್ಲೂ ಇಲ್ಲೂ ಸೋರಿ, ಮೈಯೇ ಸವೆದಿದ್ದರೆ ಮಾತ್ರ ಹೊಸದು ತನ್ನಿ.

2. ವಾಲ್ವ್ ತಿರುಗಿತು ಎಂದರೆ ನೀರು ನಿಂತಿತು ಎಂದಲ್ಲ

ಮೊದಲ ಸಲ ಕೆಟ್ಟಿದ್ದು ಇಲ್ಲಿ. ತಾರಸಿಗೆ ಹೋಗಿ ಹಿತ್ತಾಳೆಯ ಗೇಟ್ ವಾಲ್ವಿನ ಚಕ್ರ ತಿರುಗಿಸಿದೆ, ಸರಾಗವಾಗಿ ತಿರುಗಿತು. ವರ್ಷಗಟ್ಟಲೆ ಯಾರೂ ಮುಟ್ಟದ ಚಕ್ರ ಅಷ್ಟು ಸರಾಗವಾಗಿ ತಿರುಗಬಾರದು ಎಂದು ಆಗ ಹೊಳೆಯಲಿಲ್ಲ. ಒಳಗೆ ಕಡ್ಡಿ ತುಂಡಾಗಿತ್ತು. ಗೇಟು ಮೇಲೇ ಇತ್ತು. ಕೆಳಗೆ ಬಂದು ನಲ್ಲಿ ಬಿಚ್ಚಿದ್ದೇ ಎದೆಗೆ ನೀರು. ಅಂಗೈ ಒತ್ತಿ ಹಿಡಿದು ನಿಂತವನು ಟ್ಯಾಂಕ್ ಖಾಲಿಯಾಗುವವರೆಗೂ ಅಲ್ಲೇ ನಿಂತಿದ್ದೆ. ಮಗಳು ಗೋಣಿಚೀಲ ತಂದು ಹಾಸಿದಳು, ನಗು ತಡೆಯಲಾರದೆ.

ಈಗ ಅಲ್ಲಿ ಬಾಲ್ ವಾಲ್ವ್ ಇದೆ. ಹಿಡಿ ಪೈಪಿಗೆ ಅಡ್ಡ ನಿಂತರೆ ಬಂದ್, ಕಣ್ಣಿಗೇ ಕಾಣುತ್ತದೆ. ಆದರೂ ನಲ್ಲಿ ತೆರೆದಿಟ್ಟು ಐದು ನಿಮಿಷ ಕಾದು, ಕೊನೆಯ ಹನಿ ಬಿದ್ದ ಮೇಲೇ ಪಾನಾ ಹಿಡಿಯುತ್ತೇನೆ. ಇನ್ನೊಂದು ಮಾತು: ಭಾನುವಾರ ಮಧ್ಯಾಹ್ನ ಈ ಕೆಲಸ ಶುರು ಮಾಡಬೇಡಿ. ಹಾರ್ಡ್‌ವೇರ್ ಅಂಗಡಿ ಮುಚ್ಚಿರುತ್ತದೆ.

3. ಹೊಸದನ್ನು ಕೂರಿಸುವುದು ಸುಲಭ, ಹಳೆಯದನ್ನು ಬಿಡಿಸುವುದೇ ಕಷ್ಟ

ಎರಡನೇ ಸೋಲು ದುಬಾರಿಯದು. ನಮ್ಮ ಮನೆಯದು ಸಿಪಿವಿಸಿ ಪೈಪು. ಗೋಡೆಯೊಳಗೆ ಅದರ ಎಲ್ಬೋ, ಎಲ್ಬೋ ಬಾಯಿಗೆ ಅಚ್ಚು ಹಾಕಿ ಕೂರಿಸಿದ ಹಿತ್ತಾಳೆಯ ಥ್ರೆಡ್, ಅದಕ್ಕೆ ನಲ್ಲಿ. ಬೋರ್ ನೀರಿನ ಸುಣ್ಣ ಆ ಥ್ರೆಡ್ಡಿನೊಳಗೆ ಗಾರೆಯಂತೆ ಕೂತುಬಿಡುತ್ತದೆ. ನಾನು ಸಾಲ ತಂದಿದ್ದ ಉದ್ದ ಹಿಡಿಯ ಪೈಪ್ ರೆಂಚ್ ಹಾಕಿ ಮೈಭಾರ ಬಿಟ್ಟೆ. ಕಟ್ ಎಂದಿತು. ನಲ್ಲಿ ಸಡಿಲಾಯಿತು ಅಂದುಕೊಂಡರೆ, ತಿರುಗಿದ್ದು ಪ್ಲಾಸ್ಟಿಕ್ಕಿನೊಳಗಿನ ಹಿತ್ತಾಳೆ. ಎರಡು ಟೈಲ್ಸ್ ಒಡೆಸಿ, ಗೋಡೆ ಕೊರೆಸಿ, ಹೊಸ ಎಲ್ಬೋ ಹಾಕಿಸಿದ್ದಾಯಿತು. ಅದೇ ಬಣ್ಣದ ಟೈಲ್ಸ್ ಊರಲ್ಲೆಲ್ಲೂ ಸಿಗಲಿಲ್ಲ. ಇವತ್ತಿಗೂ ಸಿಂಕಿನ ಮೇಲೆ ಎರಡು ಚೌಕ ಬೇರೆ ಬಣ್ಣದವು. ನೆಂಟರು ಡಿಸೈನ್ ಅಂದುಕೊಂಡಿದ್ದಾರೆ.

ಆಮೇಲೆ ಕಲಿತದ್ದು: ಹಿಂದಿನ ರಾತ್ರಿಯೇ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ನಲ್ಲಿಯ ಬುಡಕ್ಕೆ ಸುತ್ತಿಡಿ. ಹತ್ತು ಇಂಚಿಗಿಂತ ಉದ್ದದ ರೆಂಚ್ ಬೇಡ. ಹಿಡಿ ಉದ್ದವಾದಷ್ಟೂ ನಿಮ್ಮ ಬಲ ನಿಮಗೇ ಗೊತ್ತಾಗುವುದಿಲ್ಲ. ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ, ಮತ್ತೆ ಬಿಗಿ, ಮತ್ತೆ ಸಡಿಲ. ಸುಣ್ಣ ಪುಡಿಯಾಗುವ ಕರಕರ ಕೈಗೆ ತಿಳಿಯುತ್ತದೆ. ಹಳೆಯ ಕಬ್ಬಿಣದ ಪೈಪಿಗೆ ಬೆಂಕಿ ತೋರಿಸುವವರಿದ್ದಾರೆ. ಸಿಪಿವಿಸಿಗೆ ಆ ಉಪಾಯ ಬೇಡ, ಮೆತ್ತಗಾಗುತ್ತದೆ. ಟೈಲ್ಸಿನ ಸಂದಿಯ ಸಿಮೆಂಟು ಮಿಸುಕಿದರೆ ಅಲ್ಲಿಗೆ ನಿಲ್ಲಿಸಿ ಪ್ಲಂಬರ್‌ಗೆ ಫೋನ್ ಮಾಡಿ. ಅದರಲ್ಲಿ ಅವಮಾನವೇನಿಲ್ಲ, ನಾನೂ ಮಾಡಿದ್ದೇನೆ.

4. ಅರ್ಧ ಇಂಚು ಅರ್ಧ ಇಂಚಲ್ಲ

ಪೆಟ್ಟಿಗೆಯ ಮೇಲೆ 15 ಮಿ.ಮೀ. ಎಂದಿರುತ್ತದೆ, ಅಂಗಡಿಯವ ಅರ್ಧ ಇಂಚು ಎನ್ನುತ್ತಾನೆ, ಸ್ಕೇಲ್ ಇಟ್ಟರೆ ಥ್ರೆಡ್ಡಿನ ಹೊರಗಿನ ಅಳತೆ 21 ಮಿ.ಮೀ. ಹತ್ತಿರ ಬರುತ್ತದೆ. ಮೂರೂ ಒಂದೇ, ಗಾಬರಿ ಬೇಡ. ನಿಜವಾಗಿ ಅಳೆಯಬೇಕಾದದ್ದು ಎಲ್ಬೋ ಬಾಯಿ ಟೈಲ್ಸಿಗಿಂತ ಎಷ್ಟು ಒಳಗಿದೆ ಎಂಬುದನ್ನು. ಹೆಚ್ಚು ಒಳಗಿದ್ದರೆ ಒಂದು ಎಕ್ಸ್‌ಟೆನ್ಶನ್ ನಿಪ್ಪಲ್ ಬೇಕು. ಜತೆಗೆ ನಮ್ಮ ಮನೆಯ ಅತಿದೊಡ್ಡ ಕುಕ್ಕರ್ ಕೊಕ್ಕಿನ ಕೆಳಗೆ ನಿಲ್ಲಬೇಕು. ಅದರ ಎತ್ತರ ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗುತ್ತೇನೆ.

5. ನಿಮ್ಮ ಟ್ಯಾಂಕಿನ ಎತ್ತರಕ್ಕೆ ತಕ್ಕ ನಲ್ಲಿ

ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಬಾರ್ ಒತ್ತಡ. ನಮ್ಮ ಟ್ಯಾಂಕಿನ ತಳ ನಲ್ಲಿಗಿಂತ ನಾಲ್ಕು ಮೀಟರ್ ಮೇಲಿದೆ, ಅಂದರೆ ಅರ್ಧ ಬಾರ್ ಕೂಡ ಇಲ್ಲ. ಅಮೆರಿಕದಲ್ಲಿರುವ ಅಣ್ಣನ ಮಗ ಪ್ರೀತಿಯಿಂದ ಒಂದು ನಲ್ಲಿ ತಂದುಕೊಟ್ಟ. ತಲೆ ಕಿತ್ತು ಈಚೆಗೆಳೆದು ಪಾತ್ರೆ ತೊಳೆಯಬಹುದಾದದ್ದು. ಅಲ್ಲಿನ ಮನೆಗಳಿಗೆ ಮೂರು ಬಾರ್‌ಗೂ ಮೇಲ್ಪಟ್ಟ ಒತ್ತಡದಲ್ಲಿ ನೀರು ಬರುವುದು ಸಾಮಾನ್ಯ. ಅಂಥ ನಲ್ಲಿಗೆ ನಮ್ಮ ಒತ್ತಡ ಸಾಲದು. ಸಾಲದ್ದಕ್ಕೆ ಆ ನಲ್ಲಿ ಗೋಡೆಗಲ್ಲ, ಕಟ್ಟೆಯ ಮೇಲೆ ಕೂರುವಂಥದ್ದು. ಅಟ್ಟದ ಮೇಲೆ ಪೆಟ್ಟಿಗೆ ಸಮೇತ ಹಾಗೇ ಇದೆ.

ಇಲ್ಲಿ ಕೊಳ್ಳುವಾಗ ಕೈಯಲ್ಲಿ ತೂಗಿ ನೋಡುತ್ತೇನೆ. ಹಿತ್ತಾಳೆ ಭಾರ, ಹೊಳಪಿಗೆ ಮೋಸ ಹೋಗಬಾರದು.

6. ಟೇಪು

ಹೊಸ ನಲ್ಲಿ ಕೂರಿಸುವ ಮೊದಲು ಎಲ್ಬೋ ಬಾಯಿಗೆ ಬಕೆಟ್ ಒಡ್ಡಿ, ಮೇಲಿನ ವಾಲ್ವನ್ನು ಒಂದು ಗಳಿಗೆ ಬಿಡಿಸಿ. ಕೆಂಪು ಮಣ್ಣು, ಸುಣ್ಣದ ಚಕ್ಕೆ ಎಲ್ಲ ಬೀಳುತ್ತದೆ. ಸೆರಾಮಿಕ್ ಬಿಲ್ಲೆ ಉಳಿಯುವುದು ಇದರಿಂದ.

ಹಿಂದೆ ಸಣಬಿನ ನಾರಿಗೆ ಬಣ್ಣ ಸವರಿ ಸುತ್ತುತ್ತಿದ್ದರು. ಈಗ ಟೆಫ್ಲಾನ್ ಟೇಪ್. ನಲ್ಲಿಯ ಥ್ರೆಡ್ ನಿಮ್ಮ ಕಡೆ ಮುಖ ಮಾಡಿರಲಿ, ಟೇಪನ್ನು ಪ್ರದಕ್ಷಿಣೆಯಾಗಿ ಸುತ್ತಿ. ಉಲ್ಟಾ ಸುತ್ತಿದರೆ ತಿರುಗಿಸುವಾಗ ಪದರವೆಲ್ಲ ಮುದುರಿ ಈಚೆ ಬರುತ್ತದೆ. ಮೊದಲ ಎಳೆ ಖಾಲಿ ಬಿಡಿ. ಹೆಬ್ಬೆರಳಿಂದ ಒತ್ತುತ್ತಾ ಎಳೆದು ಸುತ್ತಿದರೆ ಥ್ರೆಡ್ಡಿನ ಗೀರುಗಳು ಟೇಪಿನ ಮೇಲೆ ಮೂಡಿ ಕಾಣಬೇಕು. ನನಗೆ 12 ಸುತ್ತು ಸರಿಹೋಗುತ್ತದೆ, ನಿಮ್ಮ ಎಲ್ಬೋಗೆ 15 ಬೇಕಾದೀತು. ನಲ್ಲಿ ಬಿಗಿಯಾದಾಗ ನೆಟ್ಟಗೆ ನಿಂತಿರಬೇಕಲ್ಲ, ಅದು ನಿರ್ಧಾರವಾಗುವುದೂ ಈ ಸುತ್ತುಗಳಲ್ಲೇ. ಕೈಯಿಂದ ಹೋಗುವಷ್ಟು ಹೋಗಲಿ, ಕೊನೆಗೆ ಪಾನಾ, ಕ್ರೋಮ್ ಕೆರೆಯದಂತೆ ಹಳೇ ಬಟ್ಟೆ ನಡುವೆ ಇಟ್ಟು. ಸ್ವಲ್ಪ ಜಾಸ್ತಿ ತಿರುಗಿತು ಅಂತ ಹಿಂದಕ್ಕೆ ತಿರುಗಿಸಿದಿರೋ, ಟೇಪ್ ಹರಿಯಿತು; ಬಿಚ್ಚಿ ಮತ್ತೆ ಸುತ್ತಬೇಕು. ಮೂರನೇ ಸಲ ನಾನು ಸೋಮಾರಿತನದಿಂದ ಹಿಂದಕ್ಕೆ ತಿರುಗಿಸಿ, ವಾರ ಕಳೆದ ಮೇಲೆ ಪಕ್ಕದ ರೂಮಿನ ಗೋಡೆಯಲ್ಲಿ ತೇವ ಕಂಡೆ.

7. ಬಾಯಿಯ ಜಾಲರಿ

2024ರ ಬೇಸಿಗೆಯ ಬರದಲ್ಲಿ ಬೆಂಗಳೂರು ಜಲಮಂಡಳಿ ಅಪಾರ್ಟ್‌ಮೆಂಟು, ಹೋಟೆಲುಗಳಿಗೆಲ್ಲ ಏರೇಟರ್ ಕಡ್ಡಾಯ ಮಾಡಿತು. ನೀರಿಗೆ ಗಾಳಿ ಬೆರೆಸಿ ಧಾರೆ ದಪ್ಪವಾಗಿ ಕಾಣುವಂತೆ ಮಾಡುವ ಜಾಲರಿ ಅದು. ಒಳ್ಳೆಯದೇ, ಆದರೆ ಬೋರ್ ನೀರಿಗೆ ಕೆಲವೇ ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ. ಬಿಚ್ಚಿ ವಿನೆಗರ್‌ನಲ್ಲಿ ನೆನೆಹಾಕಿದರೆ ಸಾಕು. ಧಾರೆ ಸಣ್ಣಗಾಯಿತೆಂದು ನಲ್ಲಿಯನ್ನೇ ಬದಲಿಸಿದವರನ್ನು ನೋಡಿದ್ದೇನೆ.

ನಾಲ್ಕನೇ ಸಲ ಎಲ್ಲ ಮುಗಿಸಿ, ನಲ್ಲಿಯ ಬುಡಕ್ಕೆ ಪತ್ರಿಕೆಯ ಹಾಳೆ ಸಿಗಿಸಿ ಮಲಗಿದೆ. ಬೆಳಿಗ್ಗೆ ಗರಿಗರಿಯಾಗಿತ್ತು. ಹಳೆಯದನ್ನು ಗುಜರಿಯವನು ಹಿತ್ತಾಳೆಯ ಬೆಲೆಗೆ ತಗೊಂಡ. ಅಂಗೈಯಲ್ಲಿ ಕುಣಿಸಿ ನೋಡಿ, "ಒಳ್ಳೇ ಮಾಲು ಸ್ವಾಮಿ, ಯಾಕೆ ತೆಗೆದ್ರಿ?" ಅಂದ.