ಹಬ್ಬದ ಒಲೆ ಉರಿಯಲಿ, ಸಾಲದ ಕಿಚ್ಚು ಬೇಡ

(ಸ್ವ-ಸಹಾಯ ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಒಂದು ಪಾಠ)



ದಸರಾ ಬಂತು ಅಂದರೆ ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಮನೆಗಳಲ್ಲಿ ಹಬ್ಬಗಳ ಸಾಲೇ ಶುರುವಾಗುತ್ತದೆ. ಆಯುಧಪೂಜೆ, ದೀಪಾವಳಿ, ಕಾರ್ತಿಕದ ದೀಪ, ಕ್ರಿಸ್‌ಮಸ್, ಹೊಸ ವರ್ಷ, ಸಂಕ್ರಾಂತಿ. ಮಳೆ ಹಿಂದೆ ಸರಿದು ಚಳಿ ಬೀಳುವ ಕಾಲ. ಸಂಜೆ ಒಲೆ ಮುಂದೆ ಕೂತು ಬಿಸಿ ಮುದ್ದೆ ಮುರಿದರೆ ದಿನದ ದಣಿವೆಲ್ಲ ಇಳಿದು ಹೋಗುತ್ತದೆ. ಎಣ್ಣೆ ಬಾಣಲೆ ಇಟ್ಟರೆ ಮಕ್ಕಳು ಅಡುಗೆಮನೆ ಬಿಟ್ಟು ಕದಲುವುದಿಲ್ಲ.

ಆದರೆ ಇದೇ ತಿಂಗಳುಗಳಲ್ಲಿ ಸಂಘದ ಸಭೆಗಳಲ್ಲಿ ನಮ್ಮ ಕಿವಿಗೆ ಬೀಳುವ ಮಾತು ಬೇರೆ. "ಹಬ್ಬ ಮಾಡ್ದೆ ಇರಕ್ಕಾಗುತ್ತಾ ಅಕ್ಕ? ಮಕ್ಕಳು ಆಸೆ ಪಡ್ತವೆ. ಅದಕ್ಕೇ ಕೈಸಾಲ ತಗೊಂಡೆ" ಅನ್ನುತ್ತಾರೆ. ಹಬ್ಬದ ಸಾಲು ಬಂದ ಹಾಗೆ ಸಾಲವೂ ಬರುತ್ತದೆ. ಹಬ್ಬ ಒಂದು ದಿನಕ್ಕೆ ಮುಗಿಯುತ್ತದೆ, ಸಾಲ ಯುಗಾದಿ ದಾಟಿದರೂ ಮುಗಿಯುವುದಿಲ್ಲ. ಹಬ್ಬದ ಅಡುಗೆಯನ್ನು ಬಿಡದೆ ಸಾಲವನ್ನು ಬಿಡುವುದು ಹೇಗೆ ಎಂಬುದೇ ಈ ತಿಂಗಳ ಪಾಠ.

ಮೊದಲು ಒಂದು ಲೆಕ್ಕ

ದಸರಾಕ್ಕೆ 5,000 ರೂಪಾಯಿ ಕೈಸಾಲ ಮಾಡಿದೆವು ಎಂದುಕೊಳ್ಳೋಣ. ತಿಂಗಳಿಗೆ ನೂರಕ್ಕೆ 5 ರೂಪಾಯಿ ಬಡ್ಡಿಯಾದರೆ ತಿಂಗಳಿಗೆ 250 ರೂಪಾಯಿ. ಯುಗಾದಿಗೆ ಆರು ತಿಂಗಳಾಗುವಷ್ಟರಲ್ಲಿ ಬಡ್ಡಿಯೇ 1,500 ರೂಪಾಯಿ, ಅಸಲು ಹಾಗೇ ಇರುತ್ತದೆ. ಅದೇ ಹಣವನ್ನು ನಮ್ಮ ಸಂಘದಿಂದ ನೂರಕ್ಕೆ 2 ರೂಪಾಯಿಯಂತೆ ಪಡೆದರೆ ಬಡ್ಡಿ 600 ರೂಪಾಯಿ, ಅದೂ ನಮ್ಮ ಸಂಘದ ಪೆಟ್ಟಿಗೆಗೇ ಬರುತ್ತದೆ.

ಸಾಲವೇ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಹಬ್ಬದ ಉಳಿತಾಯ. ಮಾಮೂಲಿ ಉಳಿತಾಯದ ಜೊತೆಗೆ ಜೂನ್ ಮೊದಲ ವಾರದಿಂದ ವಾರಕ್ಕೆ 20 ರೂಪಾಯಿ ಬೇರೆಯಾಗಿ ಕಟ್ಟುತ್ತಾ ಬಂದರೆ ಡಿಸೆಂಬರ್ ಮಧ್ಯಕ್ಕೆ 28 ವಾರ, ಅಂದರೆ ಒಬ್ಬೊಬ್ಬರಿಗೆ 560 ರೂಪಾಯಿ. ಹದಿನೈದು ಜನರ ಸಂಘವಾದರೆ 8,400 ರೂಪಾಯಿ. ಇದರಲ್ಲಿ ಬೆಲ್ಲ, ಎಣ್ಣೆ, ಕಡಲೆಬೀಜವನ್ನು ಸಗಟಾಗಿ ತಂದು ಹಂಚಿಕೊಳ್ಳಬಹುದು. ಗೊತ್ತಿಲ್ಲದವರ ಬಳಿ ಹಬ್ಬದ ಚೀಟಿ ಕಟ್ಟಿ, ಕೊನೆಗೆ ಅವರು ಊರು ಬಿಟ್ಟರೆಂದು ಅಳುವ ಪಾಡು ಬೇಡ. ನಮ್ಮ ಹಣ ನಮ್ಮ ಪುಸ್ತಕದಲ್ಲೇ ಇರಲಿ.

ನಬಾರ್ಡ್ 1992ರಲ್ಲಿ 500 ಗುಂಪುಗಳ ಗುರಿಯೊಂದಿಗೆ ಸ್ವ-ಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿತು. ಬಡವರ ಕೈಯ ಸಣ್ಣ ಉಳಿತಾಯವೂ ಒಂದು ಶಕ್ತಿ ಎಂಬ ನಂಬಿಕೆಯೇ ಅದರ ಬುನಾದಿ. ಆದರೂ ಕಿರುಸಾಲದ ಕಾಟ ಎಷ್ಟು ಬೆಳೆಯಿತೆಂದರೆ, ಬಲವಂತದ ವಸೂಲಿ ತಡೆಯಲು ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾನೂನು ನಮ್ಮ ಬೆನ್ನಿಗಿದೆ. ಆದರೆ ಬೇಡದ ಸಾಲವನ್ನು ಮಾಡದೆ ಇರುವುದು ನಮ್ಮ ಕೈಯಲ್ಲೇ ಇದೆ.

ಈ ಕಾಲಕ್ಕೆ ನಮ್ಮ ನೆಲ ಕೊಡುವುದೇನು?

ಹಬ್ಬದ ಖರ್ಚು ಏರುವುದು ಅಂಗಡಿಯಿಂದ ತರುವ ಸಿಹಿ ಡಬ್ಬ, ಬೇಕರಿ ಕೇಕು, ಬಣ್ಣದ ಪ್ಯಾಕೆಟ್ಟುಗಳಿಂದ. ನಮ್ಮ ಹಿತ್ತಲಿಗೆ, ಹೊಲಕ್ಕೆ ಒಂದು ಸಲ ಕಣ್ಣು ಹಾಯಿಸೋಣ.

ನವೆಂಬರ್, ಡಿಸೆಂಬರಿನಲ್ಲಿ ರಾಗಿ ಕೊಯ್ಲು. ಆಮೇಲೆ ಹೊಸ ರಾಗಿ ಮನೆಗೆ ಬರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ. ಅಕ್ಕಿಯಲ್ಲಿ ಹತ್ತರ ಆಸುಪಾಸು ಅಷ್ಟೇ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಪಟ್ಟಣದವರು ರಾಗಿಯನ್ನು ಹುಡುಕಿಕೊಂಡು ಹೋಗುತ್ತಿದ್ದಾರೆ. ನಾವು ಮಾತ್ರ "ಹಬ್ಬದ ದಿನ ರಾಗಿನಾ?" ಎಂದು ಮೂಗು ಮುರಿಯುತ್ತೇವೆ.

ಅದರ ಹಿಂದೆಯೇ ಅವರೆಕಾಯಿ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಮಾಗಡಿ ಸೀಮೆಯ ಅವರೆಗೆ ಬೆಂಗಳೂರಿನಲ್ಲಿ ದೊಡ್ಡ ಹೆಸರು. ಅಲ್ಲಿ ಚಳಿಗಾಲಕ್ಕೆ ಅವರೆಬೇಳೆ ಮೇಳವೇ ನಡೆಯುತ್ತದೆ, ದೋಸೆಯಿಂದ ಹೋಳಿಗೆಯವರೆಗೆ ಎಲ್ಲವೂ ಅವರೆಯದ್ದೇ. ಇವಲ್ಲದೆ ಕಡಲೆಕಾಯಿ, ಎಳ್ಳು, ತೆಂಗು ಇವೆ. ಪಕ್ಕದ ಮಂಡ್ಯದ ಆಲೆಮನೆಯ ಬೆಲ್ಲ ಇದೆ. ಹಬ್ಬಕ್ಕೆ ಬೇಕಾದ್ದು ಬಹುಪಾಲು ಇಲ್ಲೇ ಇದೆ.

ಮೂರು ಅಡುಗೆ ಕಲಿಯೋಣ

1. ಹಿತಕಿದ ಬೇಳೆ ಸಾರು. ಅವರೆಕಾಳನ್ನು ರಾತ್ರಿ ನೀರಿಗೆ ಹಾಕಿ, ಬೆಳಿಗ್ಗೆ ಬೆರಳಲ್ಲಿ ಹಿತಕಿ ಸಿಪ್ಪೆ ತೆಗೆಯಿರಿ. ಒಬ್ಬರೇ ಕೂತರೆ ಬೇಸರದ ಕೆಲಸ, ನಾಲ್ಕು ಜನ ಕೂತರೆ ಮಾತಾಡುತ್ತಾ ಮುಗಿದೇ ಹೋಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ, ಧನಿಯಾ, ಒಣಮೆಣಸಿನಕಾಯಿ ಹುರಿದು, ಕಾಯಿ ಮತ್ತು ಕೊತ್ತಂಬರಿ ಸೊಪ್ಪಿನ ಜೊತೆ ರುಬ್ಬಿ. ಒಗ್ಗರಣೆಯಲ್ಲಿ ಮಸಾಲೆಯನ್ನು ಹಸಿ ವಾಸನೆ ಹೋಗುವ ತನಕ ಬಾಡಿಸಿ, ನೀರು, ಬೇಳೆ, ಉಪ್ಪು ಹಾಕಿ ಚೆನ್ನಾಗಿ ಬೇಯಿಸಿ. ಹಿತಕಿದ ಬೇಳೆ ಬೇಗ ಬೇಯುತ್ತದೆ, ಕರಗಲು ಬಿಡಬೇಡಿ. ಮುದ್ದೆಗೆ ಇದಕ್ಕಿಂತ ಹಬ್ಬದ ಸಾರು ಬೇಕೇ? ಸಿಪ್ಪೆ ಹಸುವಿಗೆ ಹಾಕಿ.

2. ಕಜ್ಜಾಯ. ನಮ್ಮ ಕಡೆ ಇದು ದೀಪಾವಳಿಯ ತಿಂಡಿ, ಎಷ್ಟೋ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿನ ತಿಂಡಿಯೂ ಹೌದು. ಒಂದು ಕಿಲೋ ಅಕ್ಕಿಯನ್ನು ನೆನೆಸಿ, ನೀರು ಬಸಿದು, ನೆರಳಲ್ಲಿ ಬಟ್ಟೆಯ ಮೇಲೆ ಹರಡಿ. ಪೂರ್ತಿ ಒಣಗಬಾರದು, ಕೈಗೆ ತಂಪು ತಾಗುವಷ್ಟು ಪಸೆ ಇರುವಾಗಲೇ ಹಿಟ್ಟು ಮಾಡಿಸಿ ಜರಡಿ ಹಿಡಿಯಿರಿ. ಮುಕ್ಕಾಲು ಕಿಲೋ ಬೆಲ್ಲ ಕರಗಿಸಿ ಸೋಸಿ ಪಾಕ ಮಾಡಿ. ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟರೆ ಮೆತ್ತಗಿನ ಉಂಡೆಯಾಗಬೇಕು, ಅದೇ ಹದ. ಒಲೆಯಿಂದ ಇಳಿಸಿ ಎಳ್ಳು, ಏಲಕ್ಕಿ, ಗಸಗಸೆ, ಹಿಟ್ಟು ಹಾಕಿ ಗಂಟಿಲ್ಲದಂತೆ ಕಲಸಿ, ಒಂದು ದಿನ ಮುಚ್ಚಿಡಿ. ಹಾಗೆ ಇಟ್ಟರೆ ಹಿಟ್ಟು ಪಾಕವನ್ನು ಎಲ್ಲ ಕಡೆ ಸಮನಾಗಿ ಹೀರಿಕೊಳ್ಳುತ್ತದೆ, ಎಣ್ಣೆಯಲ್ಲಿ ಒಡೆಯುವುದಿಲ್ಲ. ಮರುದಿನ ಎಲೆಯ ಮೇಲೆ ತಟ್ಟಿ ಸಣ್ಣ ಉರಿಯಲ್ಲಿ ಕರಿದು, ಒತ್ತಿ ಎಣ್ಣೆ ತೆಗೆಯಿರಿ. ಕಜ್ಜಾಯ ಎಣ್ಣೆಯಲ್ಲಿ ಹರಡಿ ಪುಡಿಯಾದರೆ ಪಾಕ ಎಳೆಯದಾಗಿದೆ ಎಂದರ್ಥ, ಸ್ವಲ್ಪ ಅಕ್ಕಿಹಿಟ್ಟು ಸೇರಿಸಿ. ಕಲ್ಲಿನಂತಾದರೆ ಪಾಕ ಮೀರಿದೆ.

3. ಕುಕ್ಕರಿನಲ್ಲಿ ರಾಗಿ ಕೇಕು. "ನಮ್ಮನೇಲಿ ಓವನ್ ಎಲ್ಲೈತೆ?" ಎನ್ನಬೇಡಿ. ರಾಗಿ ಹಿಟ್ಟು ಒಂದು ಲೋಟ (ಸ್ವಲ್ಪ ಬೆಚ್ಚಗೆ ಹುರಿದದ್ದು), ಗೋಧಿ ಹಿಟ್ಟು ಒಂದು ಲೋಟ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ ಸೇರಿಸಿ ಎರಡು ಸಲ ಜರಡಿ ಹಿಡಿಯಿರಿ. ಇನ್ನೊಂದು ಪಾತ್ರೆಯಲ್ಲಿ ಪುಡಿ ಬೆಲ್ಲ ಒಂದು ಲೋಟ, ಮೊಸರು ಒಂದು ಲೋಟ, ಎಣ್ಣೆ ಅರ್ಧ ಲೋಟ, ಏಲಕ್ಕಿ ಪುಡಿ ಕದಡಿ. ಎರಡನ್ನೂ ಸೇರಿಸಿ, ಇಡ್ಲಿ ಹಿಟ್ಟಿನ ಹದ ಬರುವಷ್ಟು ಹಾಲು ಬೆರೆಸಿ, ಹುರಿದ ಕಡಲೆಬೀಜದ ಚೂರು ಹಾಕಿ. ಮೊಸರಿನ ಹುಳಿ ಸೋಡಾಕ್ಕೆ ತಾಗಿದ ಕೂಡಲೇ ಗಾಳಿ ಗುಳ್ಳೆ ಏಳುತ್ತದೆ, ಕೇಕನ್ನು ಉಬ್ಬಿಸುವುದು ಅದೇ. ಆದ್ದರಿಂದ ಕಲಸಿದ ಮೇಲೆ ತಡ ಮಾಡಬಾರದು.

ದಪ್ಪ ತಳದ ಹಳೇ ಕುಕ್ಕರಿಗೆ ಒಂದು ಬೆರಳು ದಪ್ಪ ಪುಡಿ ಉಪ್ಪು ಅಥವಾ ತೊಳೆದು ಒಣಗಿಸಿದ ಮರಳು ಹರಡಿ, ಒಂದು ಸ್ಟ್ಯಾಂಡ್ ಇಡಿ. ಮುಚ್ಚಳದ ರಬ್ಬರ್ ಮತ್ತು ವಿಶಲ್ ಎರಡನ್ನೂ ತೆಗೆಯಲೇಬೇಕು. ನೀರು ಹಾಕಬಾರದು. ಹತ್ತು ನಿಮಿಷ ಕಾಯಿಸಿ, ಎಣ್ಣೆ ಸವರಿದ ಡಬ್ಬಿಗೆ ಅರ್ಧಕ್ಕಿಂತ ಸ್ವಲ್ಪ ಮೇಲೆ ಹಿಟ್ಟು ಸುರಿದು ಒಳಗಿಟ್ಟು, ಸಣ್ಣ ಉರಿಯಲ್ಲಿ 40-45 ನಿಮಿಷ ಬಿಡಿ. ಕಡ್ಡಿ ಚುಚ್ಚಿದರೆ ಅಂಟದೆ ಬರಬೇಕು.

ಒಟ್ಟಾಗಿ ಮಾಡಿದರೆ ಅರ್ಧ ಭಾರ

ಮಂಗಳೂರು ಕಡೆಯ ಕ್ರೈಸ್ತರು ಕ್ರಿಸ್‌ಮಸ್‌ಗೆ 'ಕುಸ್ವಾರ್' ಎಂದು ಬಗೆಬಗೆ ತಿಂಡಿ ಮಾಡುತ್ತಾರೆ. ಮನೆಮಂದಿಯೆಲ್ಲ ಕೂತು ಮಾಡುತ್ತಾರೆ, ತಟ್ಟೆ ತುಂಬಿ ನೆರೆಹೊರೆಯವರಿಗೆ ಜಾತಿ ಧರ್ಮ ನೋಡದೆ ಹಂಚುತ್ತಾರೆ. ನಮ್ಮ ಸಂಕ್ರಾಂತಿಯ ಎಳ್ಳು-ಬೆಲ್ಲವೂ ಅದೇ ಅಲ್ಲವೇ? ಸಂಘದ ಐದು ಜನ ಒಂದೇ ಮನೆಯಲ್ಲಿ, ಒಂದೇ ಬಾಣಲೆಯಲ್ಲಿ ಕರಿದರೆ ಸೌದೆ, ಗ್ಯಾಸು, ಎಣ್ಣೆ ಎಲ್ಲವೂ ಉಳಿಯುತ್ತದೆ. ಒಬ್ಬರಿಗೆ ಪಾಕ ಗೊತ್ತು, ಇನ್ನೊಬ್ಬರಿಗೆ ಚಕ್ಕುಲಿ ಹದ ಗೊತ್ತು, ಚಿಕ್ಕವರಿಗೆ ಕಲಿಯಲು ಅದೇ ಶಾಲೆ. ಒಂದು ಮಾತು ನೆನಪಿರಲಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಕಪ್ಪಾಗಿ, ಅಂಟಾಗಿ, ನೊರೆ ಬರುವ ಎಣ್ಣೆ ಆರೋಗ್ಯಕ್ಕೆ ಕೆಡಕು. ಹಳೆ ಎಣ್ಣೆಗೆ ಹೊಸದು ಬೆರೆಸುವುದೂ ಬೇಡ.

ಮಾರುವುದಾದರೆ ಕೂಲಿ ಮರೆಯಬೇಡಿ

ಕೆಲವು ಸಂಘಗಳು ಹಬ್ಬದ ತಿಂಡಿ ಮಾಡಿ ಮಾರುತ್ತವೆ. ಬಹಳ ಸಂತೋಷ. ಆದರೆ ಲೆಕ್ಕ ಹಾಕುವಾಗ ತಪ್ಪುತ್ತೇವೆ. ಒಂದು ಉದಾಹರಣೆ ನೋಡಿ, ಬೆಲೆಗಳನ್ನು ನಿಮ್ಮ ಊರಿನಂತೆ ಬದಲಿಸಿಕೊಳ್ಳಿ. ಒಂದು ಕಿಲೋ ಅಕ್ಕಿಯ ಕಜ್ಜಾಯಕ್ಕೆ ಅಕ್ಕಿ 50, ಬೆಲ್ಲ 45, ಎಣ್ಣೆ 60, ಎಳ್ಳು ಗಸಗಸೆ 20, ಉರುವಲು 25, ಕವರು 20, ಒಟ್ಟು 220 ರೂಪಾಯಿ. ಸುಮಾರು ಎರಡು ಕಿಲೋ ಕಜ್ಜಾಯ ಬಂತು ಎನ್ನೋಣ. ಕಿಲೋಗೆ 200ರಂತೆ ಮಾರಿದರೆ 400 ಬಂತು, "180 ಲಾಭ" ಎಂದು ಹಿಗ್ಗುತ್ತೇವೆ. ಆದರೆ ಇಬ್ಬರು ಮೂರು ಮೂರು ಗಂಟೆ ದುಡಿದಿದ್ದಾರೆ, ಒಟ್ಟು ಆರು ಗಂಟೆ. ಅಂದರೆ ಗಂಟೆಗೆ ಸಿಕ್ಕಿದ್ದು 30 ರೂಪಾಯಿ. ಗಂಟೆಗೆ 60 ರೂಪಾಯಿ ಕೂಲಿ ಇಟ್ಟರೂ 360 ಸೇರಿ ಖರ್ಚು 580, ಕಿಲೋಗೆ 290 ಅಸಲು. ಅದರ ಮೇಲೆ ಸಿಕ್ಕಿದ್ದು ಮಾತ್ರ ಲಾಭ. ಹೆಂಗಸರ ದುಡಿಮೆಗೆ ಮನೆಯಲ್ಲಿ ಯಾರೂ ಬೆಲೆ ಕಟ್ಟುವುದಿಲ್ಲ. ಸಂಘದ ಪುಸ್ತಕದಲ್ಲಾದರೂ ನಾವೇ ಕಟ್ಟೋಣ.

2006ರ ಆಹಾರ ಸುರಕ್ಷತೆ ಕಾಯ್ದೆಯಂತೆ ಮನೆಯಲ್ಲಿ ಮಾಡಿ ಮಾರುವ ಸಣ್ಣವರೂ ನೋಂದಣಿ ಮಾಡಿಸಬೇಕು. ಅರ್ಜಿಯನ್ನು ಕಂಪ್ಯೂಟರ್ ಮೂಲಕ ಹಾಕಬಹುದು. ಕವರಿನ ಮೇಲೆ ತಿಂಡಿಯ ಹೆಸರು, ಹಾಕಿದ ಸಾಮಾನು, ತೂಕ, ಮಾಡಿದ ದಿನ, ಎಷ್ಟು ದಿನ ಇಡಬಹುದು, ನೋಂದಣಿ ಸಂಖ್ಯೆ ಇರಲಿ. ಕಡಲೆಬೀಜ ಹಾಕಿದ್ದರೆ, ಮೊಟ್ಟೆ ಹಾಕಿದ್ದರೆ ಮುಚ್ಚಿಡದೆ ಬರೆಯಿರಿ.

ಮಾಡಿದವಳೂ ಉಣ್ಣಬೇಕು

ಕೊನೆಯ ಮಾತು, ಆದರೆ ಇದೇ ಮುಖ್ಯ. ಹಬ್ಬದ ದಿನ ಎಲ್ಲರಿಗಿಂತ ಮೊದಲು ಏಳುವವಳು ಯಾರು? ಎಲ್ಲರಿಗೂ ಬಡಿಸಿ, ತಳ ಹತ್ತಿದ ಸಾರಿನಲ್ಲಿ ಕೊನೆಗೆ ಉಣ್ಣುವವಳು ಯಾರು? 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ನಮ್ಮ ಸಂಘದಲ್ಲಿ ಇಪ್ಪತ್ತು ಜನ ಇದ್ದರೆ ಹತ್ತು ಜನ! ಸುಸ್ತು, ತಲೆ ಸುತ್ತು, ಏದುಸಿರು ಎಂದರೆ "ವಯಸ್ಸಾಯ್ತು ಬುಡು" ಎಂದು ಸುಮ್ಮನಾಗಬೇಡಿ, ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಮೊಳಕೆ ರಾಗಿ, ಕಾಳು, ಸೊಪ್ಪು ತಿನ್ನಿ, ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ. ಊಟದ ಜೊತೆ ಟೀ ಬೇಡ, ಅದು ಕಬ್ಬಿಣದಂಶ ಮೈಗೆ ಹತ್ತದಂತೆ ತಡೆಯುತ್ತದೆ.

ಪವಿತ್ರ ಬೈಬಲಿನಲ್ಲಿ ಪ್ರವಾದಿ ಎಲೀಯನ ಕಾಲದ ಒಬ್ಬ ಬಡ ವಿಧವೆಯ ಕಥೆ ಬರುತ್ತದೆ. ಬರಗಾಲ. ಮಡಕೆಯಲ್ಲಿ ಉಳಿದದ್ದು ಒಂದು ಹಿಡಿ ಹಿಟ್ಟು, ಸ್ವಲ್ಪ ಎಣ್ಣೆ. ಅದನ್ನೇ ರೊಟ್ಟಿ ಮಾಡಿ ಅವಳು ಅತಿಥಿಗೆ ಕೊಟ್ಟಳು. ಮಡಕೆಯ ಹಿಟ್ಟು ಬರಿದಾಗಲಿಲ್ಲ, ಎಣ್ಣೆ ತೀರಲಿಲ್ಲ. ಆದರೆ ಗಮನಿಸಿ, ಆ ಮನೆಯಲ್ಲಿ ಅವಳೂ ಉಂಡಳು, ಅವಳ ಮಗನೂ ಉಂಡ. ನಮ್ಮ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿ, ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಡಾ. ಶಿವಕುಮಾರ ಸ್ವಾಮೀಜಿಯವರ ದಾಸೋಹವೂ ಹೇಳುವುದು ಇದನ್ನೇ. ಇದ್ದದ್ದನ್ನು ಹಂಚಿ ಉಂಡರೆ ಅದೇ ಹಬ್ಬ. ಮನೆಯ ತಾಯಿಯೊಬ್ಬಳು ಹಸಿದಿದ್ದರೆ ಆ ಹಬ್ಬ ಪೂರ್ತಿಯಾಗಲಿಲ್ಲ.

ಸಭೆಯಲ್ಲಿ ಚರ್ಚಿಸಲು

1. ಹೋದ ವರ್ಷ ದಸರಾದಿಂದ ಸಂಕ್ರಾಂತಿಯವರೆಗೆ ಹಬ್ಬಕ್ಕೆಂದು ಎಷ್ಟು ಸಾಲ ಮಾಡಿದೆವು? ಅದಕ್ಕೆ ಬಡ್ಡಿ ಎಷ್ಟು ಕಟ್ಟಿದೆವು?
2. ಅಂಗಡಿಯಿಂದ ತಂದದ್ದರಲ್ಲಿ ಯಾವುದನ್ನು ಮನೆಯಲ್ಲೇ ಮಾಡಬಹುದಿತ್ತು?
3. ನಮ್ಮ ಅಜ್ಜಿಯರು ಮಾಡುತ್ತಿದ್ದ, ಈಗ ಮರೆತುಹೋದ ಚಳಿಗಾಲದ ತಿಂಡಿ ಯಾವುದು? ಯಾರಿಗೆ ಗೊತ್ತಿದೆ?
4. ಹಬ್ಬದ ದಿನ ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣಲು ಏನು ಮಾಡಬೇಕು?

ನಮ್ಮ ನಿರ್ಣಯ

ಹಬ್ಬದ ಉಳಿತಾಯಕ್ಕೆ ಬೇರೆ ಪುಸ್ತಕ ಇಡುತ್ತೇವೆ. ವರ್ಷಕ್ಕೆ ಒಂದು ಹಬ್ಬದ ತಿಂಡಿಯನ್ನಾದರೂ ಒಟ್ಟಾಗಿ ಮಾಡುತ್ತೇವೆ. ಮಾರುವಾಗ ನಮ್ಮ ಕೂಲಿ ಸೇರಿಸಿ ಬೆಲೆ ಕಟ್ಟುತ್ತೇವೆ. ಈ ಸಲದ ಹಬ್ಬದಲ್ಲಿ ಬಿಸಿ ಇರುವಾಗಲೇ, ಎಲ್ಲರ ಜೊತೆ ಕೂತು ನಾವೂ ಉಣ್ಣುತ್ತೇವೆ.