ಎಂಬತ್ತರ ಹಬ್ಬವನ್ನು ಊರಿನಿಂದಲೇ ಶುರು ಮಾಡಿ

2027ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂದು ಎಂಬತ್ತು ವರ್ಷ ತುಂಬುತ್ತದೆ. ಊರಿನ ಯುವಕ ಯುವತಿಯರು ಈಗಿನಿಂದಲೇ "ಏನು ಮಾಡೋಣ ಮೇಷ್ಟ್ರೇ?" ಎಂದು ಕೇಳತೊಡಗಿದ್ದೀರಿ. ಬಹಳ ಸಂತೋಷ. ಫ್ಲೆಕ್ಸು, ಮೆರವಣಿಗೆಯ ಖರ್ಚು ಲೆಕ್ಕ ಹಾಕುವ ಮೊದಲು ನನ್ನ ಮಾತು ಸ್ವಲ್ಪ ಕೇಳಿ. ದೆಹಲಿಯ ಕೆಂಪುಕೋಟೆಯ ಸಮಾರಂಭವನ್ನು ಟಿವಿಯಲ್ಲಿ ಎಲ್ಲರೂ ನೋಡುತ್ತಾರೆ. ನಿಮ್ಮೂರಿನ ಹೋರಾಟಗಾರರನ್ನು ನೆನೆಯಬೇಕಾದವರು ನೀವೇ.

• ಮೊದಲು ಹಿರಿಯರ ಮನೆಗೆ ಹೋಗಿ, ಅದೂ ಈ ತಿಂಗಳೇ. 1947ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ 2027ಕ್ಕೆ ತೊಂಬತ್ತಾಗುತ್ತದೆ. ತಡ ಮಾಡಿದರೆ ಕೇಳಲು ಯಾರೂ ಇರುವುದಿಲ್ಲ. ಬೆಳಗಿನ ಹೊತ್ತು ಹೋಗಿ, ಫ್ಯಾನ್ ಆರಿಸಿ, ಮೊಬೈಲನ್ನು ಅವರ ಹತ್ತಿರ ಇಟ್ಟು ರೆಕಾರ್ಡ್ ಮಾಡಿ. "ಸ್ವಾತಂತ್ರ್ಯದ ಬಗ್ಗೆ ಹೇಳಿ ಅಜ್ಜ" ಎಂದರೆ ಪಠ್ಯಪುಸ್ತಕದ ಮಾತೇ ಬರುತ್ತದೆ. ಸ್ವಾತಂತ್ರ್ಯ ಬಂದ ದಿನ ಶಾಲೆಯಲ್ಲಿ ಏನು ಹಂಚಿದರು, ಬಾವುಟ ಯಾರು ಏರಿಸಿದರು, ಊರಲ್ಲಿ ಯಾರು ಜೈಲಿಗೆ ಹೋಗಿದ್ದರು, ಅವರ ಮನೆ ನಡೆಸಿದವರು ಯಾರು ಎಂದು ಕೇಳಿ. ಈ ಕೊನೆಯ ಪ್ರಶ್ನೆಯನ್ನು ಅಜ್ಜಿಯರಿಗೆ ತಪ್ಪದೆ ಕೇಳಿ. ಜೈಲಿಗೆ ಹೋದವರ ಹೆಸರು ಕಡತದಲ್ಲಿರುತ್ತದೆ. ಮನೆಯಲ್ಲಿ ಮಕ್ಕಳನ್ನೂ ಹೊಲವನ್ನೂ ನೋಡಿಕೊಂಡ ಹೆಂಗಸರ ಹೆಸರು ಎಲ್ಲೂ ಇರುವುದಿಲ್ಲ. ಇಸವಿ ತಪ್ಪು ಹೇಳಿದರೆ ಅಲ್ಲೇ ತಿದ್ದಬೇಡಿ, ಆಮೇಲೆ ಗೆಜೆಟಿಯರ್ ನೋಡಿ ಸರಿಪಡಿಸಿಕೊಳ್ಳಿ. ರೆಕಾರ್ಡಿನ ಒಂದು ಪ್ರತಿ ಅವರ ಮನೆಗೆ, ಇನ್ನೊಂದು ಪಂಚಾಯಿತಿಯ ಅರಿವು ಕೇಂದ್ರಕ್ಕೆ ಕೊಡಿ.

• ಕಲ್ಲುಗಳನ್ನು ಹುಡುಕಿ. ಸ್ವಾತಂತ್ರ್ಯದ ಬೆಳ್ಳಿಹಬ್ಬದ ಹೊತ್ತಿಗೆ, 1972ರ ಸುಮಾರಿಗೆ, ದೇಶದ ಅನೇಕ ಬ್ಲಾಕ್ ಕಚೇರಿಗಳ ಮುಂದೆ ಹೋರಾಟಗಾರರ ಹೆಸರು ಕೆತ್ತಿದ ಕಂಬಗಳನ್ನು ನಿಲ್ಲಿಸಿದ್ದರು. ನಿಮ್ಮ ತಾಲ್ಲೂಕಿನದು ಗಿಡಗಂಟಿಯ ಹಿಂದೆ ಇದ್ದರೂ ಇರಬಹುದು. ನೀರು, ಮೆತ್ತನೆಯ ಬ್ರಷ್ಷಿನಿಂದ ತೊಳೆಯಿರಿ. ಆಸಿಡ್ ಬೇಡ, ಅಕ್ಷರದ ಮೇಲೆ ಪೇಂಟ್ ಬಳಿಯುವುದಂತೂ ಬೇಡವೇ ಬೇಡ. ಹೆಸರುಗಳನ್ನು ಬರೆದುಕೊಂಡು ಅವರ ಮಕ್ಕಳು, ಮೊಮ್ಮಕ್ಕಳು ಎಲ್ಲಿದ್ದಾರೆಂದು ಪತ್ತೆ ಮಾಡಿ, ಹಬ್ಬಕ್ಕೆ ಮನೆಗೇ ಹೋಗಿ ಕರೆಯಿರಿ.

• ನಿಮ್ಮ ಸೀಮೆಗೆ ಸ್ವಾತಂತ್ರ್ಯ ಹೇಗೆ ಬಂತು ಎಂದು ತಿಳಿದುಕೊಂಡು ಭಾಷಣ ಮಾಡಿ. ಹಳೇ ಮೈಸೂರಿನಲ್ಲಿ ಆಗಸ್ಟ್ 15 ಕಳೆದ ಮೇಲೂ ಜನ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಚಳವಳಿ ಹೂಡಬೇಕಾಯಿತು. ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದದ್ದು ಅಕ್ಟೋಬರಿನಲ್ಲಿ. ಬೀದರ್, ಕಲಬುರಗಿ, ರಾಯಚೂರಿನವರು ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾಗಲು 1948ರ ಸೆಪ್ಟೆಂಬರ್ 17ರವರೆಗೆ ಕಾಯಬೇಕಾಯಿತು. ಆ ಕಡೆಯವರು ಸ್ವಲ್ಪ ಹಣ, ಸ್ವಲ್ಪ ಹುರುಪು ಆ ದಿನಕ್ಕೂ ಉಳಿಸಿಕೊಳ್ಳಿ.

• ಮಕ್ಕಳನ್ನು ಹತ್ತಿರದ ಜಾಗಕ್ಕೆ ಕರೆದುಕೊಂಡು ಹೋಗಿ. ಶಿವಮೊಗ್ಗದವರಿಗೆ ಈಸೂರು ಇದೆ. 1942ರಲ್ಲಿ ಆ ಹಳ್ಳಿಯವರು ತಮ್ಮದೇ ಸರ್ಕಾರ ಘೋಷಿಸಿ, ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿದರು. ಆ ಹೋರಾಟದ ಸಂಬಂಧ ಮರುವರ್ಷ ಅಲ್ಲಿನ ಐವರು ಗಲ್ಲಿಗೇರಿದರು. ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥವಿದೆ. ಧ್ವಜ ಹಾರಿಸಲು ಸೇರಿದ್ದವರ ಮೇಲೆ 1938ರಲ್ಲಿ ಗುಂಡು ಹಾರಿದ ನೆಲ ಅದು. ಧ್ವಜ ಸತ್ಯಾಗ್ರಹ ನಡೆದ ಮದ್ದೂರಿನ ಶಿವಪುರ, ಉಪ್ಪಿನ ಸತ್ಯಾಗ್ರಹದ ಅಂಕೋಲಾ, ಮೈಲಾರ ಮಹಾದೇವಪ್ಪನವರು ಹುತಾತ್ಮರಾದ ಹಾವೇರಿ ಸೀಮೆಯ ಹೊಸರಿತ್ತಿಯನ್ನೂ ಮರೆಯಬೇಡಿ. ಬುತ್ತಿ ಕಟ್ಟಿಕೊಂಡು ಹೋಗಿ, ಕತೆಯನ್ನು ಅಲ್ಲೇ ಕೂತು ಹೇಳಿ. ಸೆಲ್ಫಿ ಆಮೇಲೆ.

• ಬಾವುಟದ ವಿಷಯದಲ್ಲಿ ಉದಾಸೀನ ಬೇಡ. ಆದಷ್ಟು ಖಾದಿಯದ್ದೇ ತನ್ನಿ. ಅದರ ಬಟ್ಟೆಗೆ ನೂಲುವ, ನೇಯುವ, ಹುಬ್ಬಳ್ಳಿಯ ಬೆಂಗೇರಿಯ ಖಾದಿ ಕೇಂದ್ರದಲ್ಲಿ ಹೊಲಿಯುವ ಕೈಗಳಿಗೆ ನಾವು ಕೊಡುವ ಹಣವೂ ಸ್ಮರಣೆಯ ಒಂದು ಭಾಗವೇ. ಪಾಲಿಯೆಸ್ಟರ್‌ಗೆ 2021ರಿಂದ ಅನುಮತಿಯಿದೆ, ಸರಿ. ಆದರೂ ನನ್ನ ಮನಸ್ಸು ಖಾದಿಯ ಕಡೆಗೇ. ಉದ್ದ ಮೂರು ಪಾಲಾದರೆ ಅಗಲ ಎರಡು ಪಾಲು ಇರಬೇಕು. ಕೇಸರಿ ಮೇಲೆ ಬರಲಿ, ನೆಲಕ್ಕೆ ತಾಗದಿರಲಿ, ಬಟ್ಟೆಯ ಮೇಲೆ ಏನನ್ನೂ ಬರೆಯಬೇಡಿ. 2022ರ ತಿದ್ದುಪಡಿಯ ನಂತರ ಮನೆಯ ಮೇಲೆ ರಾತ್ರಿಯೂ ಹಾರಿಸಬಹುದು. ಪ್ಲಾಸ್ಟಿಕ್ ಬಾವುಟ ತರಲೇಬೇಡಿ. ಆಗಸ್ಟ್ 16ರ ಬೆಳಗ್ಗೆ ಇಬ್ಬರು ಮೂವರು ಬೀದಿ ಸುತ್ತಿ ಬಿದ್ದಿರುವ ಕಾಗದದ ಬಾವುಟಗಳನ್ನೆಲ್ಲ ಆರಿಸಿ ತನ್ನಿ. ಹರಿದದ್ದನ್ನು ಕಸದ ಗಾಡಿಗೆ ಹಾಕದೆ, ಮರೆಯಲ್ಲಿ ಗೌರವದಿಂದ ಸುಡುವುದು ಸರಿಯಾದ ಕ್ರಮ.

• ಚಂದಾ ಎತ್ತಿದರೆ ಲೆಕ್ಕವನ್ನು ಪಂಚಾಯಿತಿ ಗೋಡೆಗೆ ಅಂಟಿಸಿ.

• ಆಗಸ್ಟ್ 15ರಂದು ಗ್ರಾಮಸಭೆ ಕರೆದಿದ್ದರೆ ಸಿಹಿ ತಿಂದು ಮನೆಗೆ ಹೋಗಿಬಿಡಬೇಡಿ, ಕೂತು ಮಾತಾಡಿ. ಊರಿನ ಹೋರಾಟಗಾರರ ಹೆಸರನ್ನು ಶಾಲೆಯ ಕೊಠಡಿಗೋ ರಸ್ತೆಗೋ ಇಡಿಸುವ ಆಸೆಯಿದ್ದರೆ ಅರ್ಜಿಯನ್ನು ಮೊದಲೇ ಬರೆದು, ದಾಖಲೆಯ ನಕಲು ಲಗತ್ತಿಸಿ ಕೊಡಿ. ಬಾಯಿಮಾತಿನ ಭರವಸೆ ಸಾಲದು. ನಡಾವಳಿ ಪುಸ್ತಕದಲ್ಲಿ ಬರೆದಿದ್ದಾರೆಯೇ ಎಂದು ಓದಿ ನೋಡಿಯೇ ಎದ್ದು ಬನ್ನಿ.